ಸಾವಿರದ ಇನ್ನೂರು ಸೋಲು

ಮಧ್ಯಾಹ್ನ ಮೂರಕ್ಕೆ ಬಂದರು ದೋನ್ಯಾ ಎವುದೋಸಿಯಾ,
ವಿಲ್ಸನ್ ಬೀದಿ, ಎರಡನೇ ಮಹಡಿ, ನನ್ನ ಮಳಿಗೆಗೆ.
ಮಳಿಗೆ ಅಂದರೆ ಮಂಚದಷ್ಟಗಲ,
ಗಾಜಿನ ಪೆಟ್ಟಿಗೆ ಎರಡು, ಸ್ಟೂಲು ಒಂದು.
ಸ್ಟೂಲು ಅವರಿಗೆ ಕೊಟ್ಟೆ.
ಬಟ್ಟೆಯ ಚೀಲದಿಂದ ರೊಕ್ಕ ತೆಗೆದು ಎಣಿಸಿದರು,
ಎಣಿಸಿ ಮತ್ತೆ ಒಳಗಿಟ್ಟರು.
ಸಾವಿರದ ಇನ್ನೂರು ಸೋಲು.
ನಮ್ಮ ಮಾತಿನಲ್ಲಿ ಸೋಲ್ ಅಂದರೆ ಸೂರ್ಯ;
ಜುಲೈ ತಿಂಗಳ ಲಿಮಾದಲ್ಲಿ ಅವನು ಕಾಣುವುದು
ಹೀಗೆ, ಚೀಲದಲ್ಲೇ.

ಮೂವತ್ತೊಂದು ವರ್ಷ ಕೋರ್ಟಿನೆದುರು
ಮಡಚುವ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟು
ಕಂಡವರ ಅರ್ಜಿ ಹೊಡೆದವರು:
ಜೀವನಾಂಶ, ಗಡಿತಂಟೆ, ತಪ್ಪಿದ ಹೆಸರಿನ ತಿದ್ದುಪಡಿ.
ಈಗ ಒಳಗಿನವರು ಕಾಗದ ಮುಟ್ಟುವುದಿಲ್ಲವಂತೆ.
"ಕಂಪ್ಯೂಟರಲ್ಲೇ ಕಳಿಸಿ ಅಂದರು. ಆಯ್ತು, ಕಂಪ್ಯೂಟರ್ ಕೊಡು."

ಪ್ರೊಸೆಸರ್‌ನಿಂದ ಪಟ್ಟಿ ಶುರು ಮಾಡಿದೆ, ಎಲ್ಲರೂ ಮಾಡುವ ಹಾಗೆ.
ತಡೆದರು. ಮೊದಲು ಕೀಲಿಮಣೆ.
"ಅಮ್ಮಾ, ಅದು ಕೊನೆಗೆ. ಉಳಿದ ಚಿಲ್ಲರೆಗೆ ಬರುವ ಸಾಮಾನು."
"ನನ್ನ ಬೆರಳು ಚಿಲ್ಲರೆಯಲ್ಲ."
ಏಳು ಕೀಲಿಮಣೆ ಬಡಿದು ನೋಡಿದರು ಕಣ್ಣು ಮುಚ್ಚಿ,
ಕಲ್ಲಂಗಡಿ ತಟ್ಟುವವರ ಹಾಗೆ.
ಇದು ಕೆಸರು. ಇದು ನೆನೆದ ಬ್ರೆಡ್ಡು. ಇದು ಸುಳ್ಳು ಹೇಳ್ತಿದೆ.
ಎಂಟನೆಯದು ಟಕಟಕ ಅಂದಿತು,
ಇಡೀ ಸಾಲಿನ ಮಳಿಗೆಯವರು ತಿರುಗಿ ನೋಡಿದರು.
ನೂರ ಎಂಬತ್ತು.
ಎದೆ ಧಸಕ್ಕೆಂದದ್ದು ನನಗೆ, ಅವರಿಗಲ್ಲ.

ಗ್ರಾಫಿಕ್ಸ್ ಕಾರ್ಡು ಬೇಡ,
ಜೀವನಾಂಶದ ಅರ್ಜಿಯಲ್ಲಿ ಡ್ರ್ಯಾಗನ್ ಹಾರುವುದಿಲ್ಲ.
ಪ್ರೊಸೆಸರ್ ಹಳೆಯದು, ನಾಲ್ಕು ಕೋರಿನದು,
ಚಿತ್ರ ಮೂಡಿಸುವ ಚಾಕರಿಯನ್ನೂ ತಾನೇ ಮಾಡುವಂಥದ್ದು;
ಮುಚ್ಚಿಹೋದ ಇಂಟರ್ನೆಟ್ ಅಂಗಡಿಯಿಂದ ಬಂದದ್ದು,
ಆಟಕ್ಕೆ ಕೂತ ಹುಡುಗರ ಬೈಗುಳ ತಿಂದು ಗಟ್ಟಿಯಾದದ್ದು.
ರ‍್ಯಾಮು ಎಂಟು ಜಿಬಿ, ಒಂದೇ ಕಡ್ಡಿ.
"ಪಕ್ಕದ ಸೀಳು ಯಾಕೆ ಖಾಲಿ?"
"ಮುಂದೆ ರೊಕ್ಕ ಬಂದಾಗ ಇನ್ನೊಂದು ಹಾಕಲಿಕ್ಕೆ."
"ಹಾಗಾದರೆ ಟೇಪು ಅಂಟಿಸು. ಅಲ್ಲಿಯತನಕ ಧೂಳು ಬಾಡಿಗೆಗೆ ಕೂರಬಾರದು."

ಪವರ್ ಸಪ್ಲೈ ಅಗ್ಗದ್ದನ್ನೇ ಮೊದಲು ತೋರಿಸಿದೆ.
ತಪ್ಪು ನನ್ನದೇ.
ಅಂಗೈಯಲ್ಲಿಟ್ಟು ತೂಗಿದರು:
ಚೀಟಿಯ ಮೇಲೆ ಆರುನೂರು ವ್ಯಾಟು, ಕೈಯಲ್ಲಿ ಬಿಸ್ಕತ್ತಿನ ಖಾಲಿ ಡಬ್ಬಿ.
"ಒಳಗೆ ಏನೂ ಇಲ್ಲದ ಅರ್ಜಿಗೇ ಸೀಲು ಜಾಸ್ತಿ ಹೊಡೆಸ್ತಾರೆ, ಮಗಾ."
ಕಾಸಿಗೆ ತಕ್ಕ ಕಜ್ಜಾಯ ಅನ್ನಲು ಬಾಯಿ ತೆರೆದವನು
ಮುಚ್ಚಿಕೊಂಡು, ಕೆಳಗಿನ ಅರೆಯಿಂದ
ಭಾರದ್ದು ತೆಗೆದೆ.

ಕ್ಯಾಬಿನೆಟ್ಟಿನ ಬದಿಗೆ ಯಾರೋ ಮೊಳೆಯಲ್ಲಿ ಗೀಚಿದ ಹೆಸರು: ಫ್ರೆದ್ದಿ.
ನಲವತ್ತು ಅಂದೆ.
"ಬೇರೆಯವರ ಹೆಸರಲ್ಲಿರುವ ಸ್ವತ್ತು. ಮೂವತ್ತು."
ಮಿಕ್ಕ ಹತ್ತು ಬಸ್ಸಿಗೆ.

ಎಲ್ಲ ಜೋಡಿಸಿ ಗುಂಡಿ ಒತ್ತಿದೆ. ಫ್ಯಾನು ಕೆಮ್ಮಿತು.
ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ:
ಕೀಲಿಮಣೆ ಕಂಡುಬಂದಿಲ್ಲ. ಮುಂದುವರಿಯಲು ಎಫ್-ಒಂದು ಒತ್ತಿ.
ಎಂಟರಲ್ಲಿ ಆರಿಸಿದ ಅದೇ ಕೀಲಿಮಣೆ,
ತಂತಿ ಸಿಕ್ಕಿಸುವುದನ್ನೇ ಮರೆತಿದ್ದೆ.
ಅವರು ನಕ್ಕರು, ಸ್ಟೂಲು ಕಿರುಗುಟ್ಟುವಷ್ಟು.
"ಇದು ಕೋರ್ಟಿಗೆ ಸರಿಯಾಗಿ ಹೊಂದುತ್ತೆ!
ಗುರುತಿನ ಚೀಟಿ ಕಳೆದವರು
ಗುರುತಿನ ಚೀಟಿ ಲಗತ್ತಿಸಿ ಅರ್ಜಿ ಹಾಕತಕ್ಕದ್ದು —
ಎಷ್ಟು ಸಲ ಹೊಡೆದಿದ್ದೇನೆ ಇದನ್ನ."

ಬಿಲ್ಲು ಬರೆಯಹೋದೆ. ನನ್ನ ಕೈ ಸರಿಸಿ ತಾವೇ ಕೂತರು.
ಟಕಟಕ, ಟಕಟಕ.
ಕೆಳಗೆ ಸಹಿ ಮಾಡುವ ನಾನು, ರೊಹೆಲಿಯೋ ಚಿಪಾನ,
ಸದರಿ ಯಂತ್ರದ ಪ್ರತಿಯೊಂದು ಭಾಗಕ್ಕೂ,
ಫ್ಯಾನಿನ ಕೆಮ್ಮೂ ಸೇರಿದಂತೆ, ಆರು ತಿಂಗಳು ಹೊಣೆ.
ಸಾಲು ಮುಗಿದಾಗಲೆಲ್ಲ ಅವರ ಎಡಗೈ ಮೇಲೆದ್ದು
ಗಾಳಿಯಲ್ಲಿ ಇಲ್ಲದ ಸನ್ನೆಯೊಂದನ್ನು
ಬಲಕ್ಕೆ ತಳ್ಳಿ ಬರುತ್ತಿತ್ತು.

ಪಕ್ಕದ ಮಳಿಗೆಯಲ್ಲಿ ಪ್ರಿಂಟು ಹಾಕಿಸಿದೆವು.
ಸಹಿ ಮಾಡಿದೆ.
ಪ್ರಿಂಟಿನ ಇಪ್ಪತ್ತು ಸೆಂಟಿಮೋ, ಅದೂ ನನ್ನ ಲೆಕ್ಕಕ್ಕೇ.