ಐದು ನಿಮಿಷಕ್ಕೊಮ್ಮೆ

ಬೈತಖೋಲದ ಬಂದರು ಕಚೇರಿ, ಮೆಟ್ಟಿಲ ಕೆಳಗಿನ ಕೋಣೆ.
ಹಳೇ ರೌಟರಿನ ಮೈಮೇಲೆ ಉಪ್ಪಿನ ತೆಳು ಪೊರೆ,
ಏರು ಹತ್ತುವ ಟೆಂಪೊದಂತೆ ಫ್ಯಾನಿನ ಏದುಸಿರು.
ಪ್ರೊಸೆಸರ್ ತೊಂಬತ್ತೇಳು.
ಡೀಸೆಲ್ ಪಾಸಿನ ಪುಟ ತೆರೆಯುತ್ತಿಲ್ಲ,
ಕಿಟಕಿಯಾಚೆ ಸಾಲು ಬೆಳೆಯುತ್ತಿದೆ,
ಬೈಗುಳ ಕೊಂಕಣಿಯಲ್ಲಿ.

ಮೂರು ದಿನ ಕಳ್ಳನನ್ನು ಹುಡುಕಿದೆ.
ವೈರಸ್ಸೆಂದೆ, ಕೇಬಲ್ ಕೊಳೆತಿದೆಯೆಂದೆ.
ಯಾರೋ ಸಿನಿಮಾ ಇಳಿಸಿಕೊಳ್ಳುತ್ತಿದ್ದಾರೆಂದು
ಪಾಪ, ಗುಮಾಸ್ತ ದತ್ತಾ ಬಾನಾವಳಿಯ ಮೇಲೂ ಕಣ್ಣಿಟ್ಟೆ.

ಸಿಕ್ಕಿದ್ದು ನಾನೇ ಕೂರಿಸಿದ ಕಾವಲುಗಾರ.
ಜಾಲದ ಮೇಲೆ ನಿಗಾ ಇಡುವ ತಂತ್ರಾಂಶ
ಬಾಗಿಲು ಬಡಿದು ಬಡಿದು ಕೇಳುತ್ತಿತ್ತು:
ಹೇಗಿದ್ದೀ? ಮೈ ಬಿಸಿಯೇ?
ಎಷ್ಟು ಬಂತು, ಎಷ್ಟು ಹೋಯಿತು?
ನಿನಗೆ ಗೊತ್ತಿರುವ ದಾರಿಗಳನ್ನೆಲ್ಲ
ಮೊದಲಿನಿಂದ ಒಂದೊಂದಾಗಿ ಹೇಳು.
ಹನ್ನೊಂದು ಸಾವಿರ ದಾರಿಗಳು.
ಮಗ್ಗಿ ಒಪ್ಪಿಸುವ ಹುಡುಗನಂತೆ ಅದು ಹೇಳುತ್ತ ಹೋಗುವುದು,
ಮುಗಿಯುವ ಮೊದಲೇ ಮತ್ತೆ ಬಡಿತ.

ಇದಕ್ಕೆ ಸುಸ್ತಾಗಿದೆ ಎಂದು
ಕೆಂಪಕ್ಷರದಲ್ಲಿ ವರದಿ ಕೊಟ್ಟದ್ದೂ ಅವನೇ.
ಆ ಕೆಂಪು ಕಂಡು ಗಾಬರಿಬಿದ್ದು,
ಇನ್ನೂ ಹತ್ತಿರದಿಂದ ನೋಡೋಣವೆಂದು
ಒಂದು ನಿಮಿಷವನ್ನು ಅರ್ಧಕ್ಕಿಳಿಸಿದವಳು ನಾನು.

ಸಾಲಿನಲ್ಲಿ ನಿಂತ ಗೋಕುಳದಾಸ ತಾಂಡೇಲರಿಗೆ
ತಡೆಯಲಾರದೆ ಇದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ.
"ನಮ್ಮ ಧಣಿಯೂ ಹಾಗೇ ಬಾಯಿ.
ಬಲೆ ಎಳೆಯುವಾಗಲೇ ವೈರ್‌ಲೆಸ್ಸಿನಲ್ಲಿ,
ಎಷ್ಟಾಯ್ತು? ಎಷ್ಟಾಯ್ತು?
ಉತ್ತರ ಕೊಡಲಿಕ್ಕೆ ಒಂದು ಕೈ ಬೇಕು.
ಬಲೆಗೆ ಎರಡೂ ಬೇಕು."

ಒಳಗೆ ಹೋದೆ.
ದಾರಿಗಳ ಪಟ್ಟಿಯನ್ನು ಕಾವಲುಗಾರನ ಕಣ್ಣಿಂದ ಮರೆಮಾಡಿದೆ.
ಯಾರೂ ಬಳಸದ ಹದಿನೆಂಟು ಪೋರ್ಟುಗಳ ವಿಚಾರಣೆ ನಿಲ್ಲಿಸಿದೆ.
ಕೇಳುವುದಿದ್ದರೆ ಒಟ್ಟಿಗೇ ಕೇಳು,
ಐದು ನಿಮಿಷಕ್ಕೊಮ್ಮೆ ಕೇಳು ಎಂದೆ.
ತೊಂಬತ್ತೇಳು ಅರವತ್ತಾಯಿತು,
ಚಹಾ ತಂದಿಟ್ಟು ತಿರುಗುವಷ್ಟರಲ್ಲಿ ಹದಿನಾಲ್ಕು.
ಫ್ಯಾನು ತಗ್ಗಿತು. ಆ ಕೋಣೆಯಲ್ಲಿ ಕೂತು
ಹೊರಗೆ ಐಸ್ ಒಡೆಯುವ ಸದ್ದನ್ನು
ಮೊದಲ ಸಲ ಕೇಳಿದೆ.

ಸಾಹೇಬರಿಗೆ ಸಮಾಧಾನವಿಲ್ಲ.
ಪರದೆಯ ಮೇಲಿನ ಗೆರೆ ಮೊದಲಿನಷ್ಟು ನುಣುಪಾಗಿಲ್ಲ,
ಚುಕ್ಕೆಯಿಂದ ಚುಕ್ಕೆಗೆ ನೆಗೆಯುತ್ತದೆ.
"ನಡುವೆ ಅಷ್ಟು ಹೊತ್ತು ಅಲ್ಲೇನು ನಡೆಯುತ್ತದಮ್ಮಾ?"
"ಕೆಲಸ, ಸರ್."

ಸಂಜೆ ತಾಂಡೇಲರ ದೋಣಿ
ಕೂರ್ಮಗಡದ ಆಚೆ ಮರೆಯಾಯಿತು.
ಅವರ ನಂಬರು ನನ್ನ ಹತ್ತಿರ ಇದೆ.
ಇರಲಿ.
ಎಷ್ಟಾಯಿತೆಂದು ನಾಳೆ ಕಟ್ಟೆಯ ಮೇಲೆ
ಬುಟ್ಟಿ ಇಳಿಸುವಾಗ ನೋಡಿದರಾಯಿತು.