ಕಡಗೋಲ ಕಾಫಿ

ಒಂದು ಗ್ಲಾಸಿಗೆ ನೂರಾ ತೊಂಬತ್ತು.
ಹುಬ್ಬಳ್ಳಿಗೆ ಹೋಗಿ ಬಂದ ಚಿಗರಿ ಬಸ್ಸಿನ ಟಿಕೀಟು ಬ್ಯಾರೆ.
ಬಿಲ್ಲು ನೋಡಿ ಫಿರ್ದೋಸ್ ಮೊದಲು ನಕ್ಕಳು,
ಆಮ್ಯಾಲೆ ತಳದಾಗ ಉಳದ ಬರ್ಫ
ಒಂದೂ ಬಿಡದ ಕಟಕಟ ಕಡದಳು:
"ಇದಕ್ಕೂ ರೊಕ್ಕ ಕೊಟ್ಟೇವಲ್ಲ."

ಅವತ್ತ ರಾತ್ರಿ ಸಪ್ತಾಪುರದ ನಮ್ಮ ಖೋಲ್ಯಾಗ
ಸಂವಿಧಾನದ ಪುಸ್ತಕ ಬೋರಲು ಹಾಕಿ
ಒಂದು ಠರಾವು ಪಾಸು ಮಾಡಿದ್ವಿ.
ಪರ ಇಬ್ಬರು. ವಿರೋಧ ಇಲ್ಲ.
ಇನ್ನ ಮ್ಯಾಲೆ ಮನ್ಯಾಗ.

ಎರಡು ರೂಪಾಯಿ ಪಾಕೀಟು ನಾಕು,
ಸಕ್ಕರಿ ಎರಡು ಚಮಚಾ,
ಕುದಿಯೋ ನೀರು ತೊಟ್ಟ ತೊಟ್ಟ, ಕಣ್ಣಿನ ಔಷಧದಂಗ.
ಅಂಗಡ್ಯಾಗ ಇದಕ್ಕೊಂದು ಯಂತ್ರ ಐತಿ,
ಗುರ್ ಅಂತೈತಿ, ಉಗಿ ಬಿಡತೈತಿ.
ನಮಗ ಫಿರ್ದೋಸಳ ಬಲಗೈ.
ಅಕಿ ತಿರುವೋದು, ನಾ ಕೇಳೋದು:
ವಿಧಿ ಹದಿನಾಲ್ಕು? ಸಮಾನತೆ.
ಹದಿನೇಳು? ಮುಟ್ಟು-ತಟ್ಟು ನಿಷೇಧ.
ಹತ್ತೊಂಬತ್ತಕ್ಕ ಕೈ ಸೋತು ನನ್ನ ಕೈಗೆ ಬಂತು,
ಇಪ್ಪತ್ತೊಂದಕ್ಕ, ಜೀವಿಸುವ ಹಕ್ಕಿಗೆ,
ನೊರಿ ಎದ್ದು ನಿಂತಿತು.

ಬರ್ಫಕ್ಕ ಮಾತ್ರ ಕೆಳಗಿನ ಮಾಲಕಿ ಪದ್ಮಾಬಾಯಿಯವರ ಫ್ರಿಜ್ಜು.
"ಯಾರಿಗರೆ ಪೆಟ್ಟು ಬಿದ್ದದೇನ್ರೇ?" ಅಂತ ಗಾಬರ್ಯಾದರು.
ಕಾಫಿಗಂತ ತಿಳದ ಮ್ಯಾಲೆ
ಗಾಬರಿ ಇನ್ನಷ್ಟು ಹೆಚ್ಚಾತು.
"ಬಿಸಿ ಮಾಡೋದು, ಮತ್ತ ಅದನ್ನ ಥಂಡ ಮಾಡೋದು!
ಇಂಥಾದಕ್ಕ ಓದಿದವರ ಬೇಕು ನೋಡ್ರಿ."
ಆದರೂ ಮರುದಿನ ಮುಂಜಾನೆ
ನಮ್ಮ ಬಾಗಿಲಿಗೆ ಒರಗಿ ನಿಂತಿತ್ತು
ಅವರತ್ತಿ ಕಾಲದ ಕಡಗೋಲು,
ಬೆಣ್ಣಿ ಕುಡದು ಕುಡದು ನುಣ್ಣಗಾದ ಕಟ್ಟಿಗಿ.
ಈಗದಕ್ಕ ನಮ್ಮ ನಿದ್ದಿಗೇಡಿ ವಾಸನಿ ಹತ್ತೇತಿ.

ಹಾಲು ಹದಿನಾಲ್ಕು, ಪುಡಿ ಎಂಟು, ಸಕ್ಕರಿ ಒಂದು.
ನೂರಾ ತೊಂಬತ್ತರಾಗ ಕಳದರ
ನೂರಾ ಅರವತ್ತೇಳು ಉಳೀತು ಅಂತ
ಕುಡದಾಗೊಮ್ಮೆ ಕ್ಯಾಲೆಂಡರಿನ್ಯಾಗ ಪೆನ್ಸಿಲ್ ಗೆರಿ.
ತಿಂಗಳ ಕಡೀಕ ಗೆರಿ ಇಪ್ಪತ್ತೆರಡು.
ಮೂರು ಸಾವಿರದ ಆರನೂರಾ ಎಪ್ಪತ್ನಾಲ್ಕು!
ಫಿರ್ದೋಸ್ ಕುಣಿದಳು. ಸವಣೂರಿಗೆ ತಾಯಿಗೊಂದು ಮಿಕ್ಸರ್ ಅಂದಳು.
ನಾನು ಟೆಸ್ಟ್ ಸಿರೀಜ್ ಫೀ ಅಂದೆ.
ಡಬ್ಬಿ ತಗದು ನೋಡಿದರ
ಒಂದು ಐದರ ನಾಣ್ಯ, ಒಂದು ಹೇರ್‌ಪಿನ್ನು.

ಖರ್ಚು ಮಾಡದ ರೊಕ್ಕ ತಾನಾಗೇ ನಡಕೊಂತ ಬಂದು
ಡಬ್ಬ್ಯಾಗ ಕುಂದ್ರತೈತಿ ಅಂತ
ಯಾರು ಹೇಳಿದ್ರು ನಮಗ?
ನಾವು ಆ ಅಂಗಡಿಗೆ ಹೋಗತಿದ್ದದ್ದ
ವರ್ಷಕ್ಕ ಎರಡ ಸರ್ತಿ.
ಪರೀಕ್ಷಾ ಬರದ ದಿನ,
ಮತ್ತ ಯಾದಿ ಬಿಟ್ಟ ದಿನ.

ಹೋದ ಸರ್ತಿ ಯಾದ್ಯಾಗ ನಮ್ಮ ಹೆಸರಿರಲಿಲ್ಲ.
ಮ್ಯಾಲಿಂದ ಕೆಳಗ, ಕೆಳಗಿಂದ ಮ್ಯಾಲೆ, ಮೂರು ಸರ್ತಿ ನೋಡಿದ್ವಿ.
ಕೌಂಟರಿನ ಹುಡುಗ ಮಾತ್ರ ಕೇಳಿದ,
ಕಪ್ಪಿನ ಮ್ಯಾಲೆ ಬರೀಬೇಕು, ಹೆಸರೇನು?
ದ್ರಾಕ್ಷಾಯಣಿ ಅಂದೆ.
ಅವನ ಪೆನ್ನು ಅಲ್ಲೇ ನಿಂತಿತು.
"ಶಾರ್ಟಾಗಿ ಹೇಳ್ರೀ ಮೇಡಂ."
ಹಿಂದ ಸಾಲು ಬೆಳೀತಿತ್ತು. ದಿಯಾ ಅಂದುಬಿಟ್ಟೆ.
ಐದು ನಿಮಿಷಕ್ಕ "ದಿಯಾ!" ಅಂತ ಕೂಗಿದಾಗ
ಯಾರಪಾ ಇಕಿ ಅಂತ
ಎಲ್ಲಾರಂಗ ನಾನೂ ತಿರುಗಿ ನೋಡಿದೆ.

ಇದನ್ನ ಫಿರ್ದೋಸ್‌ಗೆ ಹೇಳಿರಲಿಲ್ಲ.
ನಿನ್ನೆ ಕರೆಂಟು ಹೋದಾಗ, ಕತ್ತಲಾಗ ಹೇಳಿದೆ.
ಅಕಿ ಏನೂ ಅನಲಿಲ್ಲ.
ಮೊಬೈಲ್ ಬೆಳಕಿನ್ಯಾಗ
ಕಡಗೋಲು ಗರಗರ ತಿರುಗೋ ಸಪ್ಪಳ ಅಷ್ಟ.
ಆಮ್ಯಾಲೆ ಇಡೀ ಓಣಿಗೆ ಕೇಳೋ ಹಂಗ:

"ದ್ರಾಕ್ಷಾಯಣಿ ಫಕ್ಕೀರಪ್ಪ ಹೊಂಬಳ!
ಮುಕ್ಕಾಂ ರೋಣ, ಜಿಲ್ಲಾ ಗದಗ!
ನಿಮ್ಮ ಕಾಫಿ ತಯಾರೈತಿ,
ಬಂದು ತಗೊಂಡು ಹೋಗ್ರಿ!"

ಎರಡ ಹೆಜ್ಜಿ ದೂರದಾಗ ಕುಂತಿದ್ದೆ.
ಎದ್ದು, ವೇಲು ಸರಿ ಮಾಡಿಕೊಂಡು,
ಹೋಗಿ ಸಾಲಿನ್ಯಾಗ ನಿಂತೆ.
ನನ್ನ ಮುಂದ ಆಗಲೇ ಪದ್ಮಾಬಾಯಿ,
ಕೂಗು ಕೇಳಿ ಮೆಟ್ಟಲಾ ಹತ್ತಿ ಬಂದವರು,
ತಮ್ಮ ಮನೀದ ಸ್ಟೀಲಿನ ವಾಟಗ ಮುಂದ ಹಿಡದು:
"ನನಗ ಬರ್ಫ ಬ್ಯಾಡ, ಫಿರ್ದೋಸ್.
ಹಲ್ಲು ಜುಂ ಅಂತಾವ."