ಕಡಲ ಕಡೆಯ ಕೋಣೆ

ಬಿಸ್ಕತ್ತಿನ ಡಬ್ಬಿಗೆ ನಾಲ್ಕು ವರ್ಷ
ಎರಡು ಪೌಂಡಿನ ನಾಣ್ಯ ಹಾಕಿದವನು ಗ್ವಿಲಿಮ್.
ಲನೆಲ್ಲಿಯ ಬಸ್ ಡಿಪೋದಲ್ಲಿ
ಮೂವತ್ತೊಂದು ವರ್ಷ ಟೈರು ಬದಲಿಸಿದ ಕೈ.
ಎಣಿಸಿದವಳು ನಾನು.

ಮದೀರಾ ದ್ವೀಪ. ಏಳು ರಾತ್ರಿ. ಬೆಳಗಿನ ತಿಂಡಿ ಸೇರಿ.
ಕಡಲು ಕಾಣುವ ಕೋಣೆಗೆ ದಿನಕ್ಕೆ ಒಂಬತ್ತು ಪೌಂಡು ಹೆಚ್ಚು.
ಕಡಲು ಇಲ್ಲೂ ಇದೆಯಲ್ಲ, ಅಂದೆ.
'ಇದು ಕಡಲಲ್ಲ, ಕೆಸರಿನ ಮನೆಗೆ
ದಿನಕ್ಕೆರಡು ಸಲ ಬಂದು ಹೋಗುವ ನೆಂಟ.'
ಕೊಟ್ಟೆವು.

ಕೊನೆಯ ಪುಟದಲ್ಲಿ ವಿಮೆ ಕೇಳಿತು:
ಎದೆನೋವು? ಸಕ್ಕರೆ? ಎರಡು ವರ್ಷದೊಳಗೆ ಆಸ್ಪತ್ರೆ?
ಹೌದು ಅಂದಷ್ಟೂ ಬೆಲೆ ಏರಿತು,
ಹರಾಜು ಕೂಗುವವನ ಹಾಗೆ.
ಇನ್ನೂರ ಹದಿನಾಲ್ಕಕ್ಕೆ ನಿಂತಾಗ
ಆ ಪುಟ್ಟ ಚೌಕದ ಗುರುತು ಅಳಿಸಿದೆ.
ನಾನೇ. ಅವನು ಚಹಾಕ್ಕೆ ನೀರಿಡುತ್ತಿದ್ದ.
ಈ ದುಡ್ಡಲ್ಲಿ ಮೂರು ದಿನ ಮೀನೂಟ ಆಗುತ್ತೆ, ಅಂದೆ.
ಕೆಟಲು ಶಿಳ್ಳೆ ಹಾಕಿತು.

ಹೊರಡಲು ಹನ್ನೊಂದು ದಿನ ಇತ್ತು.
ಷೂ ಲೇಸು ಕಟ್ಟಲು ಬಗ್ಗಿದವನು
ಮೇಲೇಳದೆ ಅಲ್ಲೇ ಕೂತ,
ಏನೋ ಮರೆತವನ ಹಾಗೆ.

ಶ್ವಾಸಕೋಶದಲ್ಲಿ ನೀರು. ನೀರಿನ ಹಿಂದೆ ಇನ್ನೇನೋ.
ವಿಮಾನ ಹತ್ತುವ ಹಾಗಿಲ್ಲ, ಅಂದಳು ಡಾಕ್ಟರು.
'ಹತ್ತಿದರೆ?'
ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

ಫೋನಿನಲ್ಲಿ ನಲವತ್ತು ನಿಮಿಷ ಪಿಟೀಲು,
ಆಮೇಲೆ ಕೆರಿಸ್ ಅನ್ನುವ ಹುಡುಗಿ.
ನಮ್ಮಜ್ಜನಿಗೂ ಹೀಗೇ ಆಗಿತ್ತು, ಅಂದಳು; ಆಮೇಲೆ ಓದಿದಳು:
ಹದಿನಾಲ್ಕು ದಿನದೊಳಗೆ ರದ್ದಾದರೆ ಕಡಿತ ನೂರಕ್ಕೆ ನೂರು.
ನೂರಕ್ಕೆ ನೂರು!
ಶಾಲೆಯಲ್ಲಿ ನನಗೆ ಎಂದೂ ಬಾರದ ಅಂಕ.
ಡಾಕ್ಟರ ಚೀಟಿ ಕಳಿಸಲೇ?
ಕಳಿಸಿ, ಕಡತದಲ್ಲಿ ಇಡುತ್ತೇವೆ.
ತೆರಿಗೆಯ ಇಪ್ಪತ್ತಾರು ಪೌಂಡು ಮಾತ್ರ ಮರಳುತ್ತದೆ.
ಹೊರಡದವರಿಗೆ ಸರಕಾರ ತೆರಿಗೆ ಹಾಕುವುದಿಲ್ಲವಂತೆ.

ಅವಳಾದರೂ ಒರಟಾಗಿದ್ದರೆ
ಬೈಯಲು ಒಬ್ಬರು ಸಿಗುತ್ತಿದ್ದರು.
ರಾತ್ರಿಯೆಲ್ಲ ಅದೇ ಚೌಕ, ಖಾಲಿ,
ಅಟ್ಟ ಮೇಲೆ ಉರಿದ ಒಲೆಯಾಗಿ ಕಣ್ಣೊಳಗೆ.

ಶನಿವಾರ ಬಂತು.
ವಾರ್ಡಿನ ಕಿಟಕಿಯಲ್ಲಿ ಒಂದು ಕಡಲಹಕ್ಕಿ
ಅವನು ಮುಟ್ಟದ ಗಂಜಿಯನ್ನೇ ನೋಡುತ್ತಿತ್ತು.
'ಈಗ ಕೋಣೆಯ ಬೀಗ ತೆಗೆದಿರಬೇಕು' ಅಂದ.
ಯಾರು?
'ಯಾರೋ. ಮುಂದಿನ ಶನಿವಾರದ ತನಕ ನಮ್ಮದೇ ಅಲ್ಲವೇ?'
ಮತ್ತೆ ಯಾರಿಗೋ ಮಾರಿರುತ್ತಾರೆ
ಅನ್ನಲಿಲ್ಲ ನಾನು.

ಭಾನುವಾರ ಬಾಲ್ಕನಿಯಲ್ಲಿ ನನ್ನ ಟೋಪಿ ಹಾರಿತಂತೆ.
ಸೋಮವಾರ ಲಿಫ್ಟು ಕೆಟ್ಟಿತ್ತು, ಅವನು
ನಾಲ್ಕು ಮಹಡಿ ಹತ್ತಿದ, ಏದುಸಿರಿಲ್ಲದೆ.
ಮಂಗಳವಾರ ಮೂಗಿನಲ್ಲಿ ನಳಿಕೆ, ಮಾತಿಲ್ಲ.
ನಾನೊಬ್ಬಳೇ ಹೋಗಿ ಬಂದೆ.
ಎರಡು ದಿಂಬು, ಎರಡರಲ್ಲೂ ತಲೆಯ ತಗ್ಗಿಲ್ಲ.
ಪರದೆ ಸರಿಸಿದೆ. ಇತ್ತು,
ದಿನಕ್ಕೆ ಒಂಬತ್ತು ಪೌಂಡಿನ ಕಡಲು,
ನೋಡುವವರಿಲ್ಲದೆಯೂ ಮೈಮರೆಯದೆ
ದಡಕ್ಕೆ ಬಂದು ಬಂದು ಲೆಕ್ಕ ಒಪ್ಪಿಸುತ್ತಿತ್ತು.
ಆ ಕೋಣೆಯಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ.
ದೀಪ ಆರಿಸಿ ಬಂದೆ.

ಶುಕ್ರವಾರ ಆ ಇಪ್ಪತ್ತಾರು ಪೌಂಡು ಬ್ಯಾಂಕಿಗೆ ಬಂತು.
ಆಸ್ಪತ್ರೆಯೆದುರಿನ ಅಂಗಡಿಯಲ್ಲಿ ಕರಿದ ಮೀನು ಕಟ್ಟಿಸಿ
ಕೋಟಿನೊಳಗೆ ಮರೆಮಾಡಿ ಒಯ್ದೆ.
ನರ್ಸಮ್ಮ ಮೂಗು ಅರಳಿಸಿ ಬೇರೆಡೆ ತಿರುಗಿದಳು.
ಎರಡು ತುಣುಕು ತಿಂದ.
'ಉಪ್ಪು ಜಾಸ್ತಿ' ಅಂದ, ಬೆರಳು ನೆಕ್ಕುತ್ತ,
'ಕಡಲ ಪಕ್ಕದ ಹೋಟೆಲು, ಎಲ್ಲ ಹೀಗೇ.'